ಪೋಪೊವೊ ಬಯಲಿನ ರಾದಾಚಾ

2024ರ ಜುಲೈನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿಯ ಸಭೆ ನಮ್ಮ ದೆಹಲಿಯ ಭಾರತ ಮಂಟಪದಲ್ಲಿ ನಡೆಯಿತು. ಊರಿನಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಎಂಬುದು ನನ್ನಂಥವರಿಗೆ ಗೊತ್ತಾಗಿದ್ದು ಮಥುರಾ ರಸ್ತೆಯಲ್ಲಿ ಆಟೊ ಮುಂದೆ ಹೋಗದೆ ನಿಂತಾಗ. ಪತ್ರಿಕೆಗಳ ತುಂಬ ಅಸ್ಸಾಮಿನ ಅಹೋಮ್ ಅರಸರ ಮೊಯ್ದಾಮ್‌ಗಳ ಸುದ್ದಿ. ಒಳಪುಟದ ಒಂದು ಮೂಲೆಯಲ್ಲಿ ಆ ಸಲ ಸೇರಿದ ಬೇರೆ ದೇಶಗಳ ತಾಣಗಳ ಪಟ್ಟಿ ಸಣ್ಣ ಅಕ್ಷರದಲ್ಲಿತ್ತು. ಅದರಲ್ಲೊಂದು ಸಾಲು: ವ್ಯೆತ್ರೆನಿತ್ಸಾ ಗುಹೆ, ರಾವ್ನೊ, ಬೋಸ್ನಿಯಾ ಮತ್ತು ಹೆರ್ಜೆಗೊವಿನಾ.

ಕಾಫಿ ತಂದಿಟ್ಟ ನನ್ನವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ನಿಮ್ಮ ಸಿಮೆಂಟ್ ಹೊಳೆಯ ಊರಲ್ಲವಾ ಇದು?" ಅಂದಳು.

ಹೌದು, ಅದೇ ಊರು. ಹಿಂದಿನ ವರ್ಷದ ಮೇ ತಿಂಗಳಲ್ಲಿ ನಾನು ಅಲ್ಲಿ ಒಂದೇ ಒಂದು ದಿನ ಇದ್ದೆ. ಆ ಒಂದು ದಿನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಈ ಪತ್ರಿಕೆಯಲ್ಲಿ ಪ್ರವಾಸದ ಕತೆಗಳು ಬೇಕಾದಷ್ಟು ಬಂದಿವೆ, ಇದು ಆ ಥರದ್ದಲ್ಲ. ಅಲ್ಲಿ ಏನೇನು ನೋಡಬಹುದು, ಎಲ್ಲಿ ಉಳಿಯಬಹುದು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಮೂವತ್ತು ವರ್ಷಕ್ಕೂ ಹೆಚ್ಚು ಜಲವಿದ್ಯುತ್ ಯೋಜನೆಗಳಲ್ಲೇ ಕಳೆದೆ. ಬಹುಪಾಲು ಹಿಮಾಚಲದಲ್ಲಿ, ಉಳಿದದ್ದು ದೆಹಲಿಯ ಕಚೇರಿಯಲ್ಲಿ. ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. 2023ರಲ್ಲಿ ಅವರು ನಮ್ಮಿಬ್ಬರನ್ನೂ ದುಬ್ರೋವ್ನಿಕ್‌ಗೆ ಕರೆದುಕೊಂಡು ಹೋದರು. ಸಮುದ್ರ, ಕೋಟೆಗೋಡೆ, ಕೆಂಪು ಹೆಂಚಿನ ಮನೆಗಳು, ಒಂದು ಐಸ್‌ಕ್ರೀಮಿಗೆ ನಮ್ಮ ಮುನ್ನೂರು ನಾನೂರು ರೂಪಾಯಿ. ಎರಡು ದಿನಕ್ಕೆ ನನಗೆ ಸಾಕಾಯಿತು. ಆದರೆ ಆ ಊರಿನ ಬೆನ್ನಿಗಿರುವ ಬೋಳು ಗುಡ್ಡಗಳ ಆಚೆ, ಗಡಿ ದಾಟಿದರೆ ಒಂದು ಗಂಟೆಯೊಳಗೆ, ಟ್ರೆಬಿಷ್ನಿತ್ಸಾ ನದಿ ಇದೆ ಎಂದು ನನಗೆ ಕಾಲೇಜಿನ ದಿನಗಳಿಂದಲೇ ಗೊತ್ತಿತ್ತು. ನೆಲದೊಳಗೆ ಇಂಗಿಹೋಗುವ ನದಿಗಳಲ್ಲಿ ಯುರೋಪಿಗೇ ದೊಡ್ಡದೆನಿಸಿಕೊಂಡಿದ್ದ ನದಿ ಅದು. ಅದು ಇಂಗಿಹೋಗದಂತೆ ಪಾತ್ರಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಕಾಂಕ್ರೀಟು ಬಳಿದಿದ್ದಾರೆ. ನಮ್ಮ ಮೇಷ್ಟ್ರು ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲಿಸುವುದು ಹೇಗೆ ಎಂದು ಪಾಠ ಮಾಡುವಾಗ ಕೊಟ್ಟಿದ್ದ ಉದಾಹರಣೆ ಅದೇ. ಉಳಿದವರು ಸಮುದ್ರಕ್ಕೆ ಹೋದರು, ನಾನು ನದಿ ನೋಡಲು ಹೊರಟೆ.

ಸಿಕ್ಕ ಕಾರಿನ ಚಾಲಕ ಟ್ರೆಬಿನ್ಯೆ ಪಟ್ಟಣದವನು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು, ಈಗ ಪ್ರವಾಸಿಗಳನ್ನು ಸುತ್ತಾಡಿಸುತ್ತಾನೆ. ನಾನು ಕಾಂಕ್ರೀಟ್ ನೋಡಬೇಕು ಅಂದಾಗ ಅವನಿಗೆ ನಗು ಬಂತು. ಎಲ್ಲರೂ ಹಳೇ ಸೇತುವೆ ಕೇಳುತ್ತಾರಂತೆ. ಆ ಸೇತುವೆಯನ್ನೂ ತೋರಿಸಿದ. 1574ರಲ್ಲಿ ತುರ್ಕರ ಕಾಲದಲ್ಲಿ ಕಟ್ಟಿದ ಅರ್ಸ್ಲಾನಾಗಿಚ್ ಸೇತುವೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಾಗಿದ್ದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪಟ್ಟಣದ ಹತ್ತಿರ ತಂದು ಮತ್ತೆ ಜೋಡಿಸಿದ್ದಾರೆ. ಮೇಲೆ ಬಿಲೆಚಾ ಕಡೆಯಲ್ಲಿ ನದಿಯ ಹುಟ್ಟೇ ಜಲಾಶಯದ ಅಡಿಗೆ ಹೋಗಿದೆ. ಗ್ರಾಂಚಾರೆವೊ ಅಣೆಕಟ್ಟು, 123 ಮೀಟರ್ ಎತ್ತರದ ಕಮಾನು, 1968ರದ್ದು. ಅಲ್ಲಿನ ಒಂದು ಮಠವನ್ನೂ ಎತ್ತಿ ಬೇರೆ ಕಡೆ ಇಟ್ಟರಂತೆ. ಸೇತುವೆ ಎತ್ತಿದರು, ಮಠ ಎತ್ತಿದರು ಎಂದು ಅವನು ಹೇಳುತ್ತ ಹೋದಂತೆ ನನಗೆ ನಮ್ಮ ಅಜ್ಜನ ಮನೆಯ ತೊಲೆಗಳು ಗಾಡಿಯ ಮೇಲೆ ಹೋದದ್ದು ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಪಟ್ಟಣ ದಾಟಿ ಪಡುವಣಕ್ಕೆ ಹೋದರೆ ಪೋಪೊವೊ ಪೋಲ್ಯೆ, ಅಂದರೆ ಪೋಪೊವೊ ಬಯಲು. ಎರಡೂ ಕಡೆ ಬೋಳು ಸುಣ್ಣಕಲ್ಲಿನ ಗುಡ್ಡ, ನಡುವೆ ದೋಣಿಯ ಒಳಮೈಯಂತೆ ಉದ್ದಕ್ಕೆ ಮಲಗಿದ ಸಮತಟ್ಟು ನೆಲ. ಗುಡ್ಡದಲ್ಲಿ ದಾಳಿಂಬೆ, ಮುಳ್ಳುಗಿಡ, ಕಲ್ಲು. ಬಯಲಿನಲ್ಲಿ ಹಸಿರು. ಆ ಹಸಿರಿನ ನಡುವೆ ನನ್ನ ನದಿ. ಕಾರು ನಿಲ್ಲಿಸಿ ಇಳಿದು ನೋಡಿದೆ. ಪಾತ್ರ ನೀಟಾಗಿ ಬಳಿದ ತೊಟ್ಟಿಯ ಹಾಗೆ, ಇಳಿಜಾರು ಒಂದೇ ಹದ, ಜೋಡಣೆಗಳಲ್ಲಿ ನಲವತ್ತು ವರ್ಷದ ಮೇಲೂ ದೊಡ್ಡ ಬಿರುಕು ಕಾಣಲಿಲ್ಲ. ನನಗೆ ಬಹಳ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಒಳ್ಳೆಯ ಕೆಲಸ ಕಂಡರೆ ಕೆಲಸಗಾರನಿಗೆ ಆಗುವ ಸಂತೋಷ ಅದು. ಈ ನೀರು ಬಯಲಿನ ಕೊನೆಗೆ ಹೋಗಿ, ಅಲ್ಲಿಂದ ಇಳಿದು, 1979ರಲ್ಲಿ ಶುರುವಾದ ಚಾಪ್ಲಿನಾ ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. ಬೇಡಿಕೆ ಕಮ್ಮಿ ಇದ್ದಾಗ ಅದೇ ನೀರನ್ನು ಮತ್ತೆ ಮೇಲಕ್ಕೆ ಎತ್ತುತ್ತಾರೆ.

ಮೇಷ್ಟ್ರು ಸುಮ್ಮನೆ ನಿಂತಿದ್ದ. ಆಮೇಲೆ, "ನೀನು ನೋಡುತ್ತಿರುವುದು ಈ ಊರಿನ ಇತಿಹಾಸದ ಕೊನೇ ಪುಟ" ಅಂದ. "ಹಿಂದಿನ ಪುಟ ಬೇಕಾದರೆ ಝಾವಾಲಾಕ್ಕೆ ಹೋಗೋಣ."

ಝಾವಾಲಾದಲ್ಲಿ ಒಂದು ಹಳೆಯ ರೈಲು ನಿಲ್ದಾಣವಿದೆ. ಆಸ್ಟ್ರಿಯಾದವರು 1901ರಲ್ಲಿ ಈ ಬಯಲಿನ ಅಂಚಿನಲ್ಲೇ ಕಿರುಗೇಜಿನ ರೈಲು ಓಡಿಸಿದ್ದರು. 1976ರಲ್ಲಿ ನಿಂತುಹೋಯಿತು, ಈಗ ಆ ದಾರಿಯಲ್ಲಿ ಸೈಕಲ್ ತುಳಿಯುವವರು ಬರುತ್ತಾರೆ. ಅಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬ ಮುದುಕನ ಜೊತೆ ಮೇಷ್ಟ್ರು ಮಾತಿಗೆ ಕೂತ. ನಾನು ಯಾರೆಂದು ವಿಚಾರಿಸಿದ ಮುದುಕ, "ನದಿ ಮುಚ್ಚಿದವರ ಕಡೆಯವನಾ?" ಎಂದು ಕೇಳಿದನಂತೆ. ಅವರ ಜಾತಿಯವನೇ ಎಂದು ಹೇಳು ಅಂದೆ. ಮುದುಕ ನಕ್ಕ. ಮಾತು ಶುರುವಾಯಿತು.

ಅವನ ಹುಡುಗತನದಲ್ಲಿ ಈ ಬಯಲು ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಕೆರೆಯಾಗಿರುತ್ತಿತ್ತು. ಶರತ್ಕಾಲದ ಮಳೆ ಹಿಡಿದರೆ ನದಿ ಉಕ್ಕುತ್ತಿತ್ತು, ಅದರ ಜೊತೆಗೆ ನೆಲದ ತೂತುಗಳಿಂದಲೂ ನೀರು ಏಳುತ್ತಿತ್ತು. ಸುಣ್ಣಕಲ್ಲಿನ ನೆಲದಲ್ಲಿ ಹೀಗೆ. ನೀರು ಒಳಗೆ ಹೋಗುವ ಬಾಯಿಗಳಿವೆ, ಅವಕ್ಕೆ ಪೊನೋರ್ ಎನ್ನುತ್ತಾರೆ. ಕೆಲವು ಬಾಯಿಗಳು ಬೇಸಿಗೆಯಲ್ಲಿ ನೀರು ಕುಡಿಯುತ್ತವೆ, ಚಳಿಗಾಲದಲ್ಲಿ ಅದೇ ಬಾಯಿ ನೀರನ್ನು ಹೊರಗೆ ಉಗುಳುತ್ತದೆ. ಊರುಗಳೆಲ್ಲ ಗುಡ್ಡದ ಕಲ್ಲಿನ ಮೇಲೆ ಅಂಟಿಕೊಂಡು, ಬಯಲಿನ ಒಳ್ಳೆಯ ಮಣ್ಣಿನಲ್ಲಿ ಒಂದು ಮನೆಯೂ ಇಲ್ಲದಿರುವುದು ಯಾಕೆಂದು ಆಗ ನನಗೆ ಹೊಳೆಯಿತು. ಚಳಿಗಾಲ ಪೂರ್ತಿ ಆಚೆ ದಡದ ನೆಂಟರ ಮನೆಗೆ ದೋಣಿಯಲ್ಲಿ ಹೋಗುವುದು. ವಸಂತ ಕಳೆಯುತ್ತ ಬಂದಂತೆ ನೀರು ಇಳಿಯುತ್ತದೆ, ಹಿಂದೆ ಮೆಕ್ಕಲು ಉಳಿಯುತ್ತದೆ. ಗೊಬ್ಬರ ಬೇಡ. ಉತ್ತು ಬಿತ್ತುವುದು, ಮಳೆ ಮತ್ತೆ ಹಿಡಿಯುವುದರೊಳಗೆ ಕೊಯ್ದು ಗುಡ್ಡಕ್ಕೆ ಹೊರುವುದು. ಒಂದು ವಾರ ಹೆಚ್ಚು ಕಮ್ಮಿಯಾದರೆ ವರ್ಷದ ಅನ್ನ ನೀರಿನಲ್ಲಿ. ನೀರು ಒಳಗಿಳಿಯುವ ಬಾಯಿಗಳ ಮೇಲೆಯೇ ಹಿಟ್ಟಿನ ಗಿರಣಿಗಳನ್ನು ಕಟ್ಟಿದ್ದರಂತೆ. ನೀರು ಪಾತಾಳಕ್ಕೆ ಬೀಳುವ ಹೊತ್ತಿಗೆ ಹಾದಿಯಲ್ಲಿ ಒಂದು ಕಲ್ಲು ತಿರುಗಿಸಿಬಿಟ್ಟು ಹೋಗಲಿ ಎಂಬ ಲೆಕ್ಕ. ಜಲವಿದ್ಯುತ್ತಿನ ತತ್ವ ಬೇರೇನಲ್ಲವಲ್ಲ.

ಇನ್ನು ಮೀನು. ಗಾವೊವಿತ್ಸಾ ಎಂಬ ಬೆರಳುದ್ದದ ಮೀನು, ಈ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಬೇಸಿಗೆಯಲ್ಲಿ ನೀರಿನ ಜೊತೆ ನೆಲದೊಳಗಿನ ಕತ್ತಲೆಗೆ ಇಳಿದು ಬದುಕಿಕೊಳ್ಳುತ್ತಿತ್ತು, ಮಳೆಗಾಲಕ್ಕೆ ಬಾಯಿಗಳಿಂದ ಹಿಂಡು ಹಿಂಡಾಗಿ ಮೇಲೆ ಬರುತ್ತಿತ್ತು. ಹಿಡಿದು, ಉಪ್ಪು ಹಾಕಿ, ಹೊಗೆಯಲ್ಲಿ ಒಣಗಿಸಿ ಇಟ್ಟುಕೊಳ್ಳುವುದು. ಬೆಳೆ ಕೈಕೊಟ್ಟ ವರ್ಷವೂ ಪೋಪೊವೊದವರು ಸಾಯದೆ ಉಳಿದದ್ದು ಇದರಿಂದ ಎಂದು ಮುದುಕ ಹೇಳಿದ. ಈಗ ಮೀನು ಇದೆಯಾ ಅಂದೆ. ಅವನು ಗಲ್ಲದಿಂದ ಕಾಂಕ್ರೀಟಿನ ಕಡೆಗೆ ತೋರಿಸಿ ಕಾಫಿ ಕುಡಿದ. ಬಯ್ಯಲಿಲ್ಲ. "ಈಗ ಮನೆಗೆ ಕರೆಂಟಿದೆ, ಬಯಲಲ್ಲಿ ನೀರು ನಿಲ್ಲುವುದಿಲ್ಲ, ಉಳುವುದಕ್ಕೆ ಹುಡುಗರಿಲ್ಲ" ಎಂದನಂತೆ. ಆ ಮೂರನೆಯದಕ್ಕೆ ಕಾರಣ ಕಾಂಕ್ರೀಟ್ ಮಾತ್ರವಲ್ಲ. ಪಕ್ಕದ ರಾವ್ನೊ ಊರು 1991ರ ಅಕ್ಟೋಬರಿನಲ್ಲೇ ಸೈನ್ಯದ ಕೈಯಲ್ಲಿ ನಾಶವಾಗಿತ್ತು. ಬೋಸ್ನಿಯಾದ ಯುದ್ಧ ಎಂದು ಜಗತ್ತು ಕರೆಯುವುದು ಶುರುವಾಗುವುದಕ್ಕೂ ಆರು ತಿಂಗಳು ಮುಂಚೆ. ಆ ವಿಷಯ ಬಂದಾಗ ಇಬ್ಬರೂ ಮಾತು ಬದಲಿಸಿದರು, ನಾನೂ ಕೆದಕಲಿಲ್ಲ.

ಊಟದ ಹೊತ್ತಿಗೆ ಮೇಷ್ಟ್ರಿನ ಪಾಠ ಶುರುವಾಯಿತು. ಅವನ ಕುತೂಹಲವೆಲ್ಲ ನಡುಗಾಲದ ಮೇಲೆ. ಈ ಬಯಲು ಆಗ ಒಂದು ಝೂಪಾ. ಝೂಪಾ ಎಂದರೆ ಗುಡ್ಡಗಳ ನಡುವೆ ಒಟ್ಟಿಗೆ ಬಾಳುವ ಹಳ್ಳಿಗಳ ಒಂದು ಸೀಮೆ, ಅದರ ಮುಖ್ಯಸ್ಥ ಝೂಪಾನ್. ನಮ್ಮ ಶಾಸನಗಳಲ್ಲಿ ಬರುವ ನಾಡು, ನಾಳ್ಗಾವುಂಡ ಎಂಬ ಹಾಗೆ ಅಂದುಕೊಂಡೆ. ಇಂಥ ಹಲವು ಝೂಪಾಗಳು ಸೇರಿದ ದೊಡ್ಡ ನಾಡಿನ ಹೆಸರು ಹುಮ್. ಹೊಸನಗರ ತಾಲೂಕಿನವನಾದ ನನಗೆ ಹುಮ್ ಎಂದ ಕೂಡಲೇ ಹುಂಚ ನೆನಪಾಗಿ ನಗು ಬಂತು. ಹುಮ್ ಎಂದರೆ ಗುಡ್ಡ ಎಂದ ಮೇಷ್ಟ್ರು. ನಮ್ಮ ಭೂವಿಜ್ಞಾನದ ಪುಸ್ತಕದಲ್ಲಿ ಸುಣ್ಣಕಲ್ಲು ಕರಗಿದ ಮೇಲೆ ಉಳಿಯುವ ಒಂಟಿ ಗುಡ್ಡಕ್ಕೆ ಹುಮ್ ಎಂದೇ ಹೆಸರು. ಓದಿ ಪರೀಕ್ಷೆ ಪಾಸಾಗಿದ್ದೆ, ಎಲ್ಲಿಯ ಮಾತೆಂದು ನಲವತ್ತು ವರ್ಷ ಯೋಚಿಸಿರಲಿಲ್ಲ.

ಡುಕ್ಲ್ಯಾದ ಒಬ್ಬ ಪಾದ್ರಿ ಬರೆದದ್ದೆಂಬ ಲ್ಯಾಟಿನ್ ವೃತ್ತಾಂತವೊಂದಿದೆ. ಅದು ಯಾವ ಕಾಲದ್ದೆಂಬ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಅದರಲ್ಲಿ ಹುಮ್ ನಾಡಿನ ಝೂಪಾಗಳ ಪಟ್ಟಿಯಿದ್ದು, ಸಮುದ್ರದಂಚಿನ ಸ್ಟೋನ್ ಆದ ಮೇಲೆ ಪಾಪಾವಾ ಎಂದು ನಮ್ಮ ಬಯಲು ಬರುತ್ತದೆ. ಒಡೆಯರು ಬದಲಾಗುತ್ತ ಹೋದರು. ಹನ್ನೆರಡನೇ ಶತಮಾನದ ಕೊನೆಯ ಹೊತ್ತಿಗೆ ಸರ್ಬಿಯಾದ ನೆಮಾನ್ಯಿಚ್ ವಂಶದವರ ಕೈಯಲ್ಲಿತ್ತು. 1326ರ ಸುಮಾರಿಗೆ ಬೋಸ್ನಿಯಾದ ಬಾನ್, ಅಂದರೆ ದೊರೆ, ಎರಡನೇ ಸ್ಟ್ಯೆಪಾನ್ ಹುಮ್ ನಾಡನ್ನು ಹಿಡಿದ. ಅವನ ಅಣ್ಣನದೋ ತಮ್ಮನದೋ ಮಗ ತ್ವರ್ತ್ಕೊ 1377ರಲ್ಲಿ ರಾಜನೆಂದು ಕಿರೀಟ ಹಾಕಿಕೊಂಡ. ರಾಜ ದೂರದಲ್ಲಿ, ಇಲ್ಲಿ ನಿಜವಾಗಿ ಆಳಿದವರು ಸಾಂಕೊವಿಚ್ ಮನೆತನದವರು. 1391ರಲ್ಲಿ ರಾದಿಚ್ ಸಾಂಕೊವಿಚ್ ಮತ್ತು ಅವನ ತಮ್ಮ ಸೇರಿ ಕೊನಾವ್ಲೆ ಎಂಬ ಸೀಮೆಯನ್ನು ದುಬ್ರೋವ್ನಿಕ್‌ಗೆ ಮಾರಿದರು. ಉಳಿದ ಸಾಮಂತರು ಸಿಟ್ಟಾಗಿ ದಂಡು ಕಳಿಸಿ ರಾದಿಚನನ್ನು ಸೆರೆ ಹಿಡಿದರು, ಮಾರಿದ ನೆಲವನ್ನು ತಾವು ಹಂಚಿಕೊಂಡರು. ರಾದಿಚ್ ಬಿಡುಗಡೆಯಾಗಿ ಮತ್ತೆ ಮೇಲೆ ಬಂದು 1404ರಲ್ಲಿ ಸತ್ತ. ಅವನ ನೆಲವೆಲ್ಲ ಕೊಸಾಚಾ ಮನೆತನಕ್ಕೆ ಹೋಯಿತು. ಆ ಮನೆತನದ ಸ್ಟ್ಯೆಪಾನ್ ವುಕ್ಚಿಚ್ 1448ರಲ್ಲಿ ಹೆರ್ಟ್ಸೆಗ್ ಎಂಬ ಬಿರುದು ಧರಿಸಿದ, ಅದರಿಂದಲೇ ಹೆರ್ಜೆಗೊವಿನಾ. 1463ರಲ್ಲಿ ಬೋಸ್ನಿಯಾದ ರಾಜನ ತಲೆ ತುರ್ಕರ ಕತ್ತಿಗೆ ಹೋಯಿತು, ಕೆಲವೇ ವರ್ಷಗಳಲ್ಲಿ ಇಲ್ಲಿಗೂ ತುರ್ಕರು ಬಂದರು. 1475ರಿಂದ 77ರವರೆಗೆ ಅವರು ಹೆರ್ಜೆಗೊವಿನಾದ ಹಳ್ಳಿ ಹಳ್ಳಿಗೆ ಹೋಗಿ ಮನೆ ಯಜಮಾನರ ಹೆಸರು ಬರೆದುಕೊಂಡರು. ಕಂದಾಯಕ್ಕಾಗಿ.

ಇಷ್ಟು ಕೇಳುವ ಹೊತ್ತಿಗೆ ನನಗೆ ನಿದ್ದೆ ಬರುತ್ತಿತ್ತು. ಒಡೆಯರ ಪಟ್ಟಿ ಯಾವ ದೇಶದ್ದಾದರೂ ಹಾಗೆಯೇ. ಎಚ್ಚರವಾದದ್ದು ಅವನು ದುಬ್ರೋವ್ನಿಕ್ ಪತ್ರಾಗಾರದ ಮಾತೆತ್ತಿದಾಗ.

ಈ ಬಯಲಿನ ಜನ ತಾವಾಗಿ ಬರೆದಿಟ್ಟದ್ದು ಬಲು ಕಡಿಮೆ. ಅವರ ಬಗ್ಗೆ ಬರೆದಿಟ್ಟದ್ದು ಗುಡ್ಡದಾಚೆಯ ವ್ಯಾಪಾರಿಗಳು. ದುಬ್ರೋವ್ನಿಕ್‌ನ ನೋಟರಿಗಳ ಪುಸ್ತಕಗಳು ಹದಿಮೂರನೇ ಶತಮಾನದ ಕೊನೆಯಿಂದ ಉಳಿದುಬಂದಿವೆ. ಒಂದು ಹಳ್ಳಿಯವನ ಹೆಸರು ಅದರಲ್ಲಿ ಬರಬೇಕಾದರೆ ಅವನು ಸಾಲ ಮಾಡಿರಬೇಕು, ಎತ್ತು ಕದ್ದಿರಬೇಕು, ಇಲ್ಲವೇ ಕುದುರೆಯ ಮೇಲೆ ಸರಕು ಹೊರುವ ಕರಾರು ಮಾಡಿಕೊಂಡಿರಬೇಕು. ಹೊರುತ್ತಿದ್ದವರು ಹೆಚ್ಚಾಗಿ ವ್ಲಾಖ್ ಎಂಬ ಕುರಿಗಾಹಿಗಳು. ಬೇಸಿಗೆಗೆ ಎತ್ತರದ ಬೆಟ್ಟಕ್ಕೆ, ಚಳಿಗಾಲಕ್ಕೆ ಕರಾವಳಿಯ ಕಡೆಗೆ ಮಂದೆ ಹೊಡೆದುಕೊಂಡು ಓಡಾಡುವವರು. ಅವರ ಕುದುರೆಗಳು ಮೇಲಕ್ಕೆ ಹೋಗುವಾಗ ಉಪ್ಪು, ಬಟ್ಟೆ. ಇಳಿಯುವಾಗ ಗಿಣ್ಣು, ಉಣ್ಣೆ, ತೊಗಲು, ಒಳನಾಡಿನ ಗಣಿಗಳ ಬೆಳ್ಳಿ ಸೀಸ. ಉಪ್ಪೇ ಮುಖ್ಯ. ಸ್ಟೋನ್ ಊರಿನ ಉಪ್ಪಿನ ಗದ್ದೆಗಳು 1333ರಲ್ಲಿ ದುಬ್ರೋವ್ನಿಕ್ ಕೈಗೆ ಹೋದ ಮೇಲೆ, ಮೀನಿಗೆ ಸವರುವ ಉಪ್ಪಿಗೂ ಪೋಪೊವೊದವರು ಅವರ ಮುಖ ನೋಡಬೇಕಾಯಿತು.

ಹೆಣ್ಣುಗಳ ಹೆಸರು ಆ ಪುಸ್ತಕಗಳಲ್ಲಿ ಇನ್ನೊಂದು ರೀತಿಯಲ್ಲಿ ಬರುತ್ತದೆ. ಬೋಸ್ನಿಯಾದ ಒಳನಾಡಿನಿಂದ ಎಳೆಯ ಹುಡುಗಿಯರನ್ನು ತಂದು ದುಬ್ರೋವ್ನಿಕ್‌ನಲ್ಲಿ ಮನೆಗೆಲಸಕ್ಕೆಂದು ಮಾರುತ್ತಿದ್ದರು, ಅಲ್ಲಿಂದ ಹಡಗಿನಲ್ಲಿ ಇಟಲಿಗೂ ಕಳಿಸುತ್ತಿದ್ದರು. ಹೆಸರು, ಬೆಲೆ, ಕೊಂಡವನು, ಮಾರಿದವನು. 1416ರಲ್ಲಿ ದುಬ್ರೋವ್ನಿಕ್‌ನ ಆಡಳಿತ ಈ ವ್ಯಾಪಾರ ನಿಷೇಧಿಸಿತು. ಪ್ರವಾಸಿ ಗೈಡುಗಳು ಆ ವರ್ಷವನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಯ ವಿಷಯವೇ. ಅದಕ್ಕಿಂತ ಹಿಂದಿನ ನೂರೈವತ್ತು ವರ್ಷದ ಪುಟಗಳನ್ನು ನನಗೆ ತೋರಿಸಿದವನು ಈ ಗುಡ್ಡದಾಚೆಯ ಡ್ರೈವರ್.

"ಮಾರಾಟದ ಪತ್ರ ಬಿಟ್ಟರೆ ಹೆಣ್ಣಿನ ಹೆಸರೇ ಇಲ್ಲವಾ?" ಎಂದು ಕೇಳಿದೆ.

"ಇದೆ, ಬಾ" ಎಂದು ವೆಲಿಚಾನಿಗೆ ಕರೆದುಕೊಂಡು ಹೋದ.

ವೆಲಿಚಾನಿ ಬಯಲಿನ ಅಂಚಿನ ಒಂದು ಸಣ್ಣ ಹಳ್ಳಿ. ಅಲ್ಲೊಂದು ಚಿಕ್ಕ ಕಲ್ಲಿನ ಚರ್ಚು, ಸುತ್ತ ಸಮಾಧಿಗಲ್ಲುಗಳು. ಈ ಕಲ್ಲುಗಳಿಗೆ ಈಗ ಸ್ಟೆಚಾಕ್ ಎನ್ನುತ್ತಾರೆ. ಸುಮಾರು 70,000 ಉಳಿದಿವೆ, ಅದರಲ್ಲಿ 60,000ದಷ್ಟು ಬೋಸ್ನಿಯಾ ಹೆರ್ಜೆಗೊವಿನಾದಲ್ಲೇ ಇವೆ. ಆಯ್ದ 28 ತಾಣಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೆಲವು ಬರಿಯ ಚಪ್ಪಡಿ, ಕೆಲವು ಪೆಟ್ಟಿಗೆಯಂತೆ, ಕೆಲವು ಮನೆಯ ಮಾಡಿನಂತೆ ಇಳಿಜಾರು. ಕತ್ತಿ ಗುರಾಣಿ, ಜಿಂಕೆ ಬೇಟೆ, ಕೈ ಕೈ ಹಿಡಿದು ಕುಣಿಯುವ ಸಾಲು ಕೆತ್ತಿರುತ್ತಾರೆ. ವೀರಗಲ್ಲು ಮಾಸ್ತಿಕಲ್ಲುಗಳ ನಡುವೆ ದನ ಕಾಯ್ದು ಬೆಳೆದ ನಮ್ಮ ಕಡೆಯವರಿಗೆ ಇವುಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಸರ್ಬರದೋ ಕ್ರೊಯೇಟರದೋ ಬೋಸ್ನಿಯಾಕರದೋ ಎಂದು ಇವುಗಳ ಮೇಲೆ ನಡೆಯುವ ಜಗಳವನ್ನೂ ವಿವರಿಸಬೇಕಾಗಿಲ್ಲ. ಕಲ್ಲು ಇಟ್ಟವರು ಇವು ಯಾವುದೂ ಅಲ್ಲದ ಹೆಸರಿನಲ್ಲಿ ಬದುಕಿದ್ದರು, ನನ್ನ ಬಯಲಿನವ, ನನ್ನ ಒಡೆಯನ ಆಳು ಎಂದಿಷ್ಟೇ, ಎಂದ ಮೇಷ್ಟ್ರು.

ಚರ್ಚಿಗೆ ಬೀಗ ಹಾಕಿತ್ತು. ಬೀಗದ ಕೈ ಇಟ್ಟುಕೊಂಡವರು ಪಟ್ಟಣಕ್ಕೆ ಹೋಗಿದ್ದರು. ಅಲ್ಲೇ ಗೋಡೆಗೆ ಒರಗಿ ಮೇಷ್ಟ್ರು ಮೊಬೈಲಿನಲ್ಲಿ ಶಾಸನದ ಪಾಠ ಹುಡುಕಿ, ಮೊದಲು ಅವನ ಭಾಷೆಯಲ್ಲಿ ಓದಿ, ಆಮೇಲೆ ಒಂದೊಂದೇ ತುಂಡು ಇಂಗ್ಲಿಷಿನಲ್ಲಿ ಹೇಳಿದ. ತ್ವರ್ತ್ಕೊ ರಾಜನಾಗಿದ್ದ ಕಾಲದ್ದು, ಅಂದರೆ 1377ರಿಂದ 1391ರೊಳಗೆ. ಇಲ್ಲಿ ಮಲಗಿರುವವಳು ದೇವರ ದಾಸಿ ಪೋಲಿಹ್ರಾನಿಯಾ. ಇದು ಕೊನೆಗಾಲದಲ್ಲಿ ಸನ್ಯಾಸಿನಿಯಾಗಿ ಇಟ್ಟುಕೊಂಡ ಹೆಸರು. ಲೋಕದ ಹೆಸರು ರಾದಾಚಾ. ಝೂಪಾನ್ ನೆನಾತ್ಸ್ ಚಿಹೋರಿಚ್‌ನ ಹೆಂಡತಿ. ಅಲ್ಲಿ ಹೆಂಡತಿಗೆ ಬಳಸಿರುವ ಪದ ಕುಚ್ನಿತ್ಸಾ, ಕುಚಾ ಎಂದರೆ ಮನೆ. ನಾವು ಮನೆಯವಳು ಅನ್ನುವ ಹಾಗೆಯೇ. ಆಮೇಲೆ, ಝೂಪಾನ್ ವ್ರಾತ್ಕೊ, ದಾಬಿಜಿವ್, ಸ್ಟಿಪ್ಕೊ ಇವರ ಮನೆಗೆ ಬಂದ ಹೆಣ್ಣು. ಝೂಪಾನ್ ಮಿಲ್ತ್ಯೆನ್ ದ್ರಾಝಿವೊಯೆವಿಚ್‌ನ ಮಗಳು. ಸಾಂಕೊನ ಒಡಹುಟ್ಟಿದವಳು. ಗುರುತು ನಿಲ್ಲಿಸಿದವನು ಅವಳ ಮಗ, ಅವನ ಹೆಸರೂ ದಾಬಿಜಿವ್, ದೇವರ ದಯೆಯಿಂದ, ತನ್ನ ಜನರನ್ನು ಕಟ್ಟಿಕೊಂಡು ತಾನೇ ನಿಲ್ಲಿಸಿದ.

ನಾನು ಬೆರಳು ಮಡಿಸಿ ಎಣಿಸಿದೆ. ರಾಜನನ್ನೂ ಸೇರಿಸಿ ಎಂಟು ಗಂಡಸರು, ಒಬ್ಬ ಹೆಣ್ಣು. ಸಾಂಕೊನ ಮಗನೇ ಆ ಕೊನಾವ್ಲೆ ಮಾರಿದ ರಾದಿಚ್. ಅಂದರೆ ಇವಳು ರಾದಿಚನಿಗೆ ಸೋದರತ್ತೆ. ಊಟದ ಹೊತ್ತಿನಲ್ಲಿ ನಿದ್ದೆ ತರಿಸಿದ್ದ ಪಟ್ಟಿ ಈಗ ಒಂದು ಸಂಸಾರವಾಯಿತು.

ಇತಿಹಾಸಕಾರರಿಗೆ ಈ ಕಲ್ಲು ಬೇಕಾದದ್ದು ಆ ಎಂಟು ಗಂಡಸರಿಗಾಗಿ. ಯಾವ ಮನೆತನ ಯಾವ ಮನೆತನಕ್ಕೆ ಹೆಣ್ಣು ಕೊಟ್ಟಿತು, ಯಾರಿಗೆ ಯಾವ ಪದವಿ ಇತ್ತು ಎಂದು ತಿಳಿಯಲು. ನನಗೆ ಅಲ್ಲಿ ಬಿಸಿಲಿನಲ್ಲಿ ಕೂತು ಅನಿಸಿದ್ದು ಬೇರೆ. ಮಗ ಎರಡು ಹೆಸರನ್ನೂ ಬರೆಸಿದ್ದಾನೆ. ಮಠದ ಹೆಸರು ಸಾಕಿತ್ತು, ದೇವರ ಮುಂದೆ ಅದೇ ನಡೆಯುವುದು. ಆದರೂ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಇದು ಎಂದು ಕಲ್ಲಿನಲ್ಲಿ ಹಾಕಿಸಿದ್ದಾನೆ. ಹಾಕಿಸದಿದ್ದರೆ ಆರುನೂರು ವರ್ಷದ ಮೇಲೆ ಅದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ನನ್ನ ಅಮ್ಮನಿಗೂ ಎರಡು ಹೆಸರಿತ್ತು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರು ಇಡುತ್ತಿದ್ದರು, ಅಕ್ಕಿಯ ಮೇಲೆ ಉಂಗುರದಿಂದ ಬರೆದು. 1954ರಲ್ಲಿ ಅಮ್ಮ ಮದುವೆಯಾಗಿ ಬಂದಾಗ ಅಪ್ಪನ ಮನೆಯವರು ಇಟ್ಟ ಹೆಸರೇ ನಮಗೆ ಗೊತ್ತು. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ದೆಹಲಿಯ ಚಿತಾಗಾರದ ರಸೀದಿಯಲ್ಲಿ ಅದೇ. ತೌರಿನ ಹೆಸರು ಇತ್ತೆಂದು ಗೊತ್ತು. ಏನೆಂದು ಗೊತ್ತಿಲ್ಲ. ಅರವತ್ತೈದು ವರ್ಷದ ಮಗ, ಇನ್ನೊಬ್ಬರ ದೇಶದ ಚರ್ಚಿನ ಅಂಗಳದಲ್ಲಿ ಕೂತು, ಆರುನೂರು ವರ್ಷದ ಹಿಂದಿನ ಅಪರಿಚಿತ ಹೆಂಗಸಿನ ಎರಡು ಹೆಸರನ್ನೂ ಕಲಿತೆ, ನನ್ನ ತಾಯಿಯದು ಗೊತ್ತಿಲ್ಲ.

ತೌರಿನ ಕಡೆ ಕೇಳೋಣವೆಂದರೆ ತೌರೇ ಇಲ್ಲ. ಅಮ್ಮನ ಊರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂತು. ನನಗಾಗ ಆರು ವರ್ಷ. ಅಜ್ಜನ ಮನೆಯ ಬಾಗಿಲು, ಹೆಂಚು, ತೊಲೆ ಬಿಚ್ಚಿ ಗಾಡಿಗೆ ಹೇರಿದ್ದು ನೆನಪಿದೆ, ಅಮ್ಮ ದನದ ಕೊಟ್ಟಿಗೆಯ ಖಾಲಿ ಗೂಟದ ಮೇಲೆ ಕೈ ಇಟ್ಟು ನಿಂತದ್ದು ನೆನಪಿದೆ. ಅಜ್ಜನ ಪರಿಹಾರದ ಕಾಗದದ ಒಂದು ಪ್ರತಿ ನನ್ನ ಹತ್ತಿರವಿದೆ. ಗದ್ದೆ ಇಷ್ಟು, ತೋಟ ಇಷ್ಟು, ಅಡಿಕೆ ಮರ ಇಷ್ಟು, ಹಲಸು ಮೂರು, ಬಾವಿ ಒಂದು. ಅಜ್ಜನ ಹೆಸರು, ಅವನ ಅಪ್ಪನ ಹೆಸರು. ತುರ್ಕರ ಪಟ್ಟಿಯ ಹಾಗೆಯೇ, ಮನೆ ಯಜಮಾನರು ಮಾತ್ರ.

ಬೇಸಿಗೆಯ ಕೊನೆಯಲ್ಲಿ ಹಿನ್ನೀರು ತೀರಾ ಇಳಿದರೆ, 1948ರ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ನಮ್ಮದು. ಹಾಗೆ ನೀರು ಇಳಿದ ಒಂದು ವರ್ಷ, ಎಂಬತ್ತರ ದಶಕದಲ್ಲಿ, ಅಮ್ಮ ನನಗೆ ಕಾಗದ ಬರೆದಿದ್ದಳು. ನಮ್ಮ ಮನೆಯ ಜಗಲಿ ಕಟ್ಟೆ ಕಾಣುತ್ತಿದೆಯಂತೆ, ಒಂದು ಸಲ ಕರೆದುಕೊಂಡು ಹೋಗು. ನಾನು ಆಗ ಹಿಮಾಚಲದ ಒಂದು ಸುರಂಗದ ಕೆಲಸದಲ್ಲಿದ್ದೆ. ಮುಂದಿನ ವರ್ಷ ಎಂದು ಬರೆದೆ. ಮುಂದಿನ ವರ್ಷ ಮಳೆ ಚೆನ್ನಾಗಿ ಆಯಿತು. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ದೆಹಲಿಗೆ ನಮ್ಮ ಜೊತೆ ಬಂದು ಇದ್ದಳು, ಹದಿನೈದು ವರ್ಷ. ಬಾಲ್ಕನಿಯ ತುಳಸಿಗೆ ನೀರು ಹಾಕುತ್ತ, ನಮ್ಮ ಕಡೆ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ನಾನು ಮಾಡುವ ಕೆಲಸದ ಬಗ್ಗೆ ಒಂದು ದಿನವೂ ಒಂದು ಮಾತು ಆಡಲಿಲ್ಲ. 2009ರಲ್ಲಿ ಹೋದಳು.

ಸಂಜೆ ವ್ಯೆತ್ರೆನಿತ್ಸಾ ಗುಹೆಯ ಬಾಯಿಯವರೆಗೆ ಹೋದೆವು. ಒಳಗಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಹೆಸರೇ ಗಾಳಿಯದು, ವ್ಯೆತರ್ ಎಂದರೆ ಗಾಳಿ. ಒಳಗೆ ಏಳು ಕಿಲೋಮೀಟರಿನಷ್ಟು ದಾರಿ ಶೋಧಿಸಿದ್ದಾರಂತೆ, ಕಣ್ಣಿಲ್ಲದ ಜೀವಿಗಳಿವೆಯಂತೆ. ಟಿಕೆಟ್ ಕೊಡುವ ಹೊತ್ತು ಮೀರಿತ್ತು. ನನಗೆ ಒಳಗೆ ಹೋಗುವ ಮನಸ್ಸೂ ಇರಲಿಲ್ಲ. ವಾಪಸು ಬರುವಾಗ ಮತ್ತೆ ಕಾಂಕ್ರೀಟಿನ ಪಕ್ಕದಲ್ಲೇ ದಾರಿ. ಕೆಲಸ ಬೆಳಿಗ್ಗೆ ಕಂಡಷ್ಟೇ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆ.

ಇಷ್ಟೆಲ್ಲ ಆದ ಮೇಲೂ ನಾನು ಒಂದು ವರ್ಷ ಏನೂ ಮಾಡಲಿಲ್ಲ. ಆ ಜುಲೈ ಬೆಳಿಗ್ಗೆ ಪತ್ರಿಕೆಯಲ್ಲಿ ರಾವ್ನೊ ಎಂಬ ಹೆಸರು ನೋಡಿದ ದಿನವೇ ಫೋನ್ ಮಾಡಿದೆ. ಅಮ್ಮನ ಪೀಳಿಗೆಯಲ್ಲಿ ಉಳಿದಿರುವುದು ಒಬ್ಬಳೇ, ಅವಳ ಕೊನೆಯ ತಂಗಿ, ಸಾಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು.

"ಅಕ್ಕನ ಹೆಸರಾ?" ಎಂದಳು ಚಿಕ್ಕಮ್ಮ. "ಈಗ ಎಂತಕ್ಕೆ ಬೇಕಾಯ್ತೋ ಅದು? ಎಂತಾದ್ರೂ ಕಾಗದಪತ್ರಕ್ಕಾ?"

ಕಾಗದಪತ್ರಕ್ಕಲ್ಲ, ಸುಮ್ಮನೆ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಹೇಳಿದಳು. ಎರಡಕ್ಷರದ ಹೆಸರು, ಈಗ ಯಾರೂ ಇಡುವಂಥದ್ದಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮ ತಾನಾಗಿ ಹೊರಗೆ ಹೇಳಿರಲಿಲ್ಲ. ಅಜ್ಜನ ಪರಿಹಾರದ ಕಾಗದದಲ್ಲಿ, ಬಾವಿ ಒಂದು ಎಂಬುದರ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ. ಪೆನ್ಸಿಲ್ ಅಳಿಸಿಹೋಗುತ್ತದೆಂದು ಅದರ ಮೇಲೆಯೇ ಪೆನ್ನಿನಲ್ಲಿ ತಿದ್ದಿದೆ.

ಚಿಕ್ಕಮ್ಮ ಇನ್ನೂ ಮಾತಾಡುತ್ತಿದ್ದಳು. ಅಕ್ಕ ಹೊಳೆ ಈಜುತ್ತಿದ್ದಳಂತೆ, ಆಚೆ ದಡಕ್ಕೆ ಹೋಗಿ ಮಾವಿನಕಾಯಿ ಕದ್ದು ತರುತ್ತಿದ್ದಳಂತೆ. ಅಮ್ಮನಿಗೆ ಈಜು ಬರುತ್ತಿತ್ತೆಂದೇ ನನಗೆ ಗೊತ್ತಿರಲಿಲ್ಲ. ನಾನು ಬೋಸ್ನಿಯಾದ ಬಯಲಿನ ಕತೆ ಒಂದಿಷ್ಟು ಹೇಳಿದೆ. ವರ್ಷಾ ವರ್ಷ ಊರು ಮುಳುಗಿ ಮತ್ತೆ ಏಳುವುದು ಅವಳಿಗೆ ಹಿಡಿಸಿತು. "ಹಂಗಾರೆ ಅವರದ್ದು ಪುಣ್ಯ. ನಮ್ದು ಹೋಗಿದ್ದು ಹೋಯ್ತು" ಎಂದಳು. ಒಣಮೀನಿನ ವಿಷಯ ಬಂದಾಗ ಛೀ ಎಂದಳು.

ಕೊನೆಗೆ, ನೀರು ಇಳಿಯುವುದು ಮೇ ತಿಂಗಳ ಕಡೆಗೆ, ಮಳೆ ಹಿಡಿಯುವುದರೊಳಗೆ ಬಾ, ಜಗಲಿ ಕಟ್ಟೆ ಎಲ್ಲಿ ಬರುತ್ತದೆಂದು ಅಂದಾಜು ತೋರಿಸುತ್ತೇನೆ, ದೋಣಿಯವರು ಗೊತ್ತು ಎಂದಳು. ನಾನೂ ನನ್ನವಳೂ ಬರುವ ಮೇ ಎರಡನೇ ವಾರಕ್ಕೆ ಟಿಕೆಟ್ ತೆಗೆದಿದ್ದೇವೆ.